ಒಂದೇ ಮನೆಯಲ್ಲಿ ಎರಡು ಷಡ್ಜ

ಈಗಿನ ಯಂತ್ರಗಳಿಗೆ ತೂತುಗಳು ಕಡಿಮೆಯಾಗುತ್ತಿರುವುದು ನಿಮ್ಮ ಗಮನಕ್ಕೆ ಬಂದಿದೆಯೇ? ನನ್ನ ಗಮನಕ್ಕೆ ಬಂದು ಎರಡು ವಾರವಾಯಿತು. ಅಂದು ಏರಿದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಮೊದಲಿನ ಕಂಪ್ಯೂಟರಿನ ಬೆನ್ನು ಹೇಗಿರುತ್ತಿತ್ತು, ನೆನಪಿಸಿಕೊಳ್ಳಿ. ದುಂಡನೆಯ ತೂತು, ಉದ್ದನೆಯ ತೂತು, ಜೇನುಹಟ್ಟಿಯಂಥ ಹತ್ತಿಪ್ಪತ್ತು ಕಣ್ಣಿನ ತೂತು. ಯಾವ ತಂತಿ ಬಾಗಿಲಿಗೆ ಬಂದು ನಿಂತರೂ ‘ಬರ್ರಿ, ಕೂಡ್ರಿ’ ಎನ್ನಲು ಒಂದು ಜಾಗವಿತ್ತು. ನನ್ನ ಅಣ್ಣನ ಮಗ ಗುರುರಾಜ ಕೊಂಡ ಹೊಸ ಲ್ಯಾಪ್‌ಟಾಪಿಗೆ ಎರಡು ಸೀಳುಗಳಿವೆ, ಅಷ್ಟೇ. ಎರಡನ್ನೂ ಸೇರಿಸಿದರೂ ಒಂದು ಹುಣಸೆಬೀಜ ಒಳಗೆ ಹೋಗಲಾರದು. “ಎಷ್ಟು ಸ್ಲೀಕ್ ಅದ ನೋಡು ಅತ್ಯಾ” ಎಂದು ಅವನು ಅದನ್ನು ಅಂಗೈ ಮೇಲೆ ಹೋಳಿಗೆ ಹಿಡಿದಂತೆ ಹಿಡಿದು ತೋರಿಸಿದ. ಸ್ಲೀಕ್! ತೆಳ್ಳಗೆ ಕಾಣಬೇಕೆಂದು ಕಿವಿ ಮೂಗು ಮುಚ್ಚಿಸಿಕೊಂಡವರನ್ನು ನಮ್ಮ ಕಾಲದಲ್ಲಿ ಯಾರೂ ಸ್ಲೀಕ್ ಎನ್ನುತ್ತಿರಲಿಲ್ಲ.

ತೂತನ್ನು ಹಗುರವಾಗಿ ಕಾಣಬೇಡಿ. ಕೊಳಲೆಂದರೆ ಏನು? ಒಂದಷ್ಟು ತೂತು, ಅವು ಚೆಲ್ಲಾಪಿಲ್ಲಿಯಾಗದಂತೆ ಸುತ್ತಲೂ ಬಿದಿರು. ಮನುಷ್ಯನ ಮುಖದಲ್ಲಿಯೂ ಕೆಲಸಕ್ಕೆ ಬರುವುದೆಲ್ಲ ತೂತೇ. ಉಳಿದದ್ದು ಪೌಡರ್ ಹಚ್ಚಲಿಕ್ಕೆ. ನನ್ನ ಸಿಟ್ಟಿಗೆ ಕಾರಣವಾದದ್ದು ಒಂದು ನಿರ್ದಿಷ್ಟ ತೂತು. ಅಂಗಿಯ ದೊಡ್ಡ ಗುಂಡಿಯಷ್ಟು ದುಂಡಗಿನದು, ಒಳಗೆ ಅರ್ಧಚಂದ್ರದ ಸಾಲಿನಲ್ಲಿ ಐದು ಸಣ್ಣ ಕಣ್ಣು. ಅದಕ್ಕೆ ಮಿಡಿ ಎನ್ನುತ್ತಾರೆ. ನಾನು ಕಾನ್ವೆಂಟಿನಲ್ಲಿ ಓದುವಾಗ ಮಿಡಿ ಎಂದರೆ ಮೊಣಕಾಲು ದಾಟಿದ ಲಂಗ. ಮನೆಗೆ ಬಂದರೆ ಉಪ್ಪಿನಕಾಯಿ. ಮೂರನೆಯ ಅರ್ಥ ತಿಳಿದದ್ದು ನಲವತ್ತು ದಾಟಿದ ಮೇಲೆ, ನಮ್ಮ ವೈನಿಯ ಸಹವಾಸದಲ್ಲಿ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಸುಮಿತ್ರಾ. ಹಾಡಿನ ಮನೆತನದಿಂದ ಬಂದವರು. ನಾನು ಮದುವೆಯ ಗೊಡವೆಗೆ ಹೋಗದೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ ಮಾಳಮಡ್ಡಿಯ ಈ ಮನೆಯಲ್ಲೇ ಉಳಿದವಳು. ಮೂವತ್ತು ವರ್ಷದ ಹಿಂದೆ ಅಣ್ಣ ನಮ್ಮ ಪಡಸಾಲೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಬೇಸಿಗೆ ರಜೆಯ ಮಧ್ಯಾಹ್ನ ಹುಡುಗರು ಊಟಕ್ಕೆ ಹೋದರೆ ನಾಲ್ಕರವರೆಗೆ ಬರುತ್ತಿರಲಿಲ್ಲ, ಅಣ್ಣ ಮಲಗುತ್ತಿದ್ದ. ಆಗ ಆ ಕಂಪ್ಯೂಟರುಗಳ ಪೈಕಿ ಒಂದು ನಮ್ಮಿಬ್ಬರದು. ನಾವು ಗೇಮ್ ಆಡುತ್ತಿದ್ದೆವು. ಹೌದು, ಗೇಮ್. ಒಬ್ಬಾಕೆ ಇಂಗ್ಲಿಷ್ ಟೀಚರ್, ಇನ್ನೊಬ್ಬಾಕೆ ಎರಡು ಮಕ್ಕಳ ತಾಯಿ.

ಆ ಆಟದಲ್ಲಿ ಒಬ್ಬ ಪ್ರಯಾಣಿಕ ಕೈಯಲ್ಲೊಂದು ಕಂದೀಲು ಹಿಡಿದು ಏಳು ದ್ವೀಪ ದಾಟಬೇಕು. ದ್ವೀಪದಿಂದ ದ್ವೀಪಕ್ಕೆ ಒಯ್ಯಲು ಒಬ್ಬ ಅಂಬಿಗ. ಎಲ್ಲ ಇಂಗ್ಲಿಷಿನಲ್ಲಿ, ನಾವೂ ಇಂಗ್ಲಿಷಿನಲ್ಲೇ ಟೈಪ್ ಮಾಡಿ ಅಪ್ಪಣೆ ಕೊಡಬೇಕು. ನಾನು ಓದಿ ಹೇಳುವುದು, ಟೈಪ್ ಮಾಡುವುದು. ವೈನಿ ಕಣ್ಣು ಮುಚ್ಚಿ ಕೇಳುವುದು. “ಕುಸುಮಾ, ಎಡಕ್ಕ ಹೋಗಬ್ಯಾಡ. ಅಂಬಿಗ ಕೋಮಲ ನಿಷಾದ ಹಚ್ಚಿದ, ಅಲ್ಲೇನೋ ಕಾದದ” ಎನ್ನುತ್ತಿದ್ದರು. ಬಲಕ್ಕೆ ಹೋಗುತ್ತಿದ್ದೆವು, ಬದುಕುತ್ತಿದ್ದೆವು. ಹೊಸ ಜಾಗಕ್ಕೆ ಬಂದಾಗಲೆಲ್ಲ ಮೊದಲು ‘ಲಿಸನ್’ ಎಂದು ಟೈಪ್ ಮಾಡಿಸುವುದು ಅವರ ನಿಯಮ. ಯಂತ್ರ ಪ್ರತಿಸಲವೂ ಒಂದೇ ಉತ್ತರ ಕೊಡುತ್ತಿತ್ತು: ‘ಯೂ ಹಿಯರ್ ನಥಿಂಗ್ ಅನ್‌ಯೂಶುವಲ್.’ ವೈನಿಗೆ ಕೆಂಡದಂಥ ಸಿಟ್ಟು. “ಅಷ್ಟು ಛಲೋ ಹಾಡು ನಡದದ, ವಿಶೇಷೇನಿಲ್ಲ ಅಂತದಲ್ಲ, ಇದಕ್ಕ ಕಿವಿ ಅದಾವೋ ಇಲ್ಲೋ?”

ಹಾಡು ಎಂದೆನಲ್ಲ, ಮೊದಲು ಅದೂ ಇರಲಿಲ್ಲ. ಆ ಕಂಪ್ಯೂಟರಿನ ಸ್ವಂತ ದನಿ ಗುಂಗಾಡಿನದು, ಕಿವಿಯ ಬಳಿ ಸೊಳ್ಳೆ ಹಾರಿದಂತೆ. ಒಂದು ವಾರ ಸಹಿಸಿ ವೈನಿ ಮುಷ್ಕರ ಹೂಡಿದರು. ಅದೇ ಹೊತ್ತಿಗೆ ಗಬ್ಬೂರಿನ ಬಸಣ್ಣ, ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವ, ತನ್ನ ಹಳೆಯ ಸೌಂಡ್ ಮಾಡ್ಯೂಲ್ ಮಾರಲಿಕ್ಕಿದ್ದ, ನಾವು ಕೊಂಡೆವು. ಪಾನದ ಡಬ್ಬಿಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಎಷ್ಟೋ ಅಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಮುಂದೆ ಒಂದು ಹಸಿರು ಕಿಟಕಿ, ಹಿಂದೆ ಆ ದುಂಡನೆಯ ತೂತುಗಳು.

ಇದರ ಮರ್ಮವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ತಂತಿಯಲ್ಲಿ ಹರಿಯುವುದು ನಾದವಲ್ಲ, ಪತ್ರ. ‘ಕೊಳಲು ಹಿಡಿ, ಪಂಚಮ ಊದು, ಇಷ್ಟು ಜೋರಾಗಿ, ಈಗ ಬಿಡು’ ಎಂದು ಕಂಪ್ಯೂಟರು ಸ್ವರಲಿಪಿ ಬರೆದು ಕಳಿಸುತ್ತದೆ. ಓದಿ ಹಾಡುವ ಗಂಟಲು ಪೆಟ್ಟಿಗೆಯದು. ಒಂದೇ ಹಾಡಿನ ಸ್ವರಲಿಪಿಯನ್ನು ಇಬ್ಬರು ಗಾಯಕರಿಗೆ ಅಂಚೆಯಲ್ಲಿ ಕಳಿಸಿದರೆ ಎರಡು ಬಗೆಯಲ್ಲಿ ಕೇಳಿಸುತ್ತದಲ್ಲ, ಇಲ್ಲಿ ಆಗುವುದೂ ಅದೇ. ಎಂಬತ್ತರ ದಶಕದ ಆರಂಭದಲ್ಲಿ ಬೇರೆ ಬೇರೆ ದೇಶದ ವಾದ್ಯ ತಯಾರಕರು ಕೂತು, ಎಲ್ಲರ ವಾದ್ಯಕ್ಕೂ ಇದೊಂದೇ ಭಾಷೆ, ಇದೊಂದೇ ತೂತು ಎಂದು ಒಪ್ಪಿಕೊಂಡರಂತೆ. ವ್ಯಾಪಾರದಲ್ಲಿ ಹಗೆಗಳಾದವರು ಒಂದು ತೂತಿನ ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ನಾಗರಿಕತೆಯ ದೊಡ್ಡ ಗಳಿಗೆ ಎಂದು ನಾನು ಎಣಿಸುತ್ತೇನೆ. ಅದನ್ನು ಸ್ಲೀಕ್ ಎಂಬ ಒಂದು ಶಬ್ದಕ್ಕಾಗಿ ಮುಚ್ಚಿಬಿಟ್ಟರು.

ಅಣ್ಣ ಕ್ಲಾಸ್ ಮುಚ್ಚುವ ಹೊತ್ತಿಗೆ ನಾವು ಆರನೆಯ ದ್ವೀಪದಲ್ಲಿದ್ದೆವು. ಏಳನೆಯದು ಹಾಗೇ ಉಳಿಯಿತು. ಪೆಟ್ಟಿಗೆ ಹಾರ್ಮೋನಿಯಮ್ಮಿನ ಹಳೆಯ ಮಖಮಲ್ ಗವಸು ಹೊದ್ದು ಮಂಚದ ಕೆಳಗೆ ಹೋಯಿತು.

ಈ ಸಲ ವೈನಿಗೆ ಎಪ್ಪತ್ತೆಂಟು ತುಂಬಿತು. ನಮ್ಮ ಮನೆಯ ಮೇಲ್ಮಹಡಿಯಲ್ಲೇ ಸಂಸಾರ ಹೂಡಿ ಹುಬ್ಬಳ್ಳಿಯ ಬ್ಯಾಂಕಿಗೆ ಹೋಗಿ ಬರುವ ಗುರುರಾಜ ತಾಯಿಯ ಹುಟ್ಟುಹಬ್ಬಕ್ಕೆಂದು ಆ ಆಟವನ್ನು ಎಲ್ಲಿಂದಲೋ ಹುಡುಕಿ, ಹೊಸ ಲ್ಯಾಪ್‌ಟಾಪು ಹಳೆಯ ಕಂಪ್ಯೂಟರಿನ ಸೋಗು ಹಾಕುವಂತೆ ಮಾಡುವ ಒಂದು ಪ್ರೋಗ್ರಾಮಿನಲ್ಲಿ ಕೂಡಿಸಿ, ನಾವು ಬಿಟ್ಟಿದ್ದ ಆರನೆಯ ದ್ವೀಪದವರೆಗೆ ತಾನೇ ಆಡಿ ತಂದಿಟ್ಟ. ರೆಟ್ರೊ ಗೇಮಿಂಗ್ ಎನ್ನುತ್ತಾರಂತೆ. (ರೆಟ್ರೊ! ನಾನು ಅಪ್ಪಿಕೊಂಡು ಬೆಳೆಸಿದ ಗುರುರಾಜನಿಗಿಂತ ಚಿಕ್ಕದು ಆ ಆಟ. ಅದು ರೆಟ್ರೊ ಆದರೆ ನಾನೇನು, ಉತ್ಖನನವೇ?) ಪಾಯಸದ ಬಟ್ಟಲು ಬದಿಗಿಟ್ಟು ವೈನಿ ಕಣ್ಣು ಮುಚ್ಚಿದರು. ಅರ್ಧ ನಿಮಿಷಕ್ಕೆ ತೆರೆದರು.

“ಇದು ಅಲ್ಲ.”

“ಅದೇ ಅವ್ವಾ. ಅದೇ ಫೈಲ್. ಒಂದಕ್ಷರ ಬದಲಾಗಿಲ್ಲ.”

“ಅಂಬಿಗನ ಹಾಡು ಹಿಂಗಿದ್ದಿಲ್ಲ. ಕೊಳಲು ಪೀಪಿ ಆಗೇದ. ಅದು ಹೋಗಲಿ, ಸುರ ಏರೇದ.”

“ಸುರ ಏರಿಲ್ಲವ್ವಾ,” ಗುರುರಾಜ ನಕ್ಕ, “ನಿನ್ನ ಕಿವಿ ಇಳದಾವ. ಕುಕ್ಕರ್ ಸೀಟಿ ನಿನಗ ಕೇಳಸೂದಿಲ್ಲ, ಬಾಗಲದ ಬೆಲ್ ಕೇಳಸೂದಿಲ್ಲ. ಇವತ್ತಿಂದ ಮೂರನೇ ಗುರುವಾರ ಈಎನ್‌ಟಿ ಡಾಕ್ಟರ ಅಪಾಯಿಂಟ್ಮೆಂಟ್ ತಗೊಂಡೇನಿ. ಸಣ್ಣ ಮಶೀನ್ ಬರ್ತಾವ ಈಗ, ಯಾರಿಗೂ ಕಾಣಸೂದೂ ಇಲ್ಲ.”

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಕೆಲವು ಮನೆಗಳಲ್ಲಿ ಕೆಲವು ಮಾತು ಆಡಬಾರದು. ಹಾಡಿನ ಮನೆಯಿಂದ ಬಂದವರಿಗೆ ‘ನಿನ್ನ ಕಿವಿ ಸುರ ತಪ್ಪಿದೆ’ ಎನ್ನುವುದು ಆ ಪೈಕಿ ಮೊದಲನೆಯದು. ವೈನಿ ಪಾಯಸ ಮುಗಿಸಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ತಂಬೂರಿಯ ಗವಸು ತೆಗೆಯಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಈ ಮನೆಯಲ್ಲಿ ಕಂಡಂತೆ, ಹೆರಿಗೆ ಮತ್ತು ಸೂತಕ ಬಿಟ್ಟರೆ, ತಂಬೂರಿ ಇಷ್ಟು ದಿನ ಸುಮ್ಮನಿದ್ದದ್ದೇ ಇಲ್ಲ. ಮೂರನೆಯ ದಿನ ಕೇಳಿದೆ.

“ಯಾಕ ವೈನಿ, ರಿಯಾಜಕ್ಕ ಕೂಡವಲ್ರೆಲ್ಲ?”

“ಕಿವಿ ಸುಳ್ಳು ಹೇಳಲಿಕ್ಕತ್ತಾವ ಅಂದ್ರ ಯಾತರ ಮ್ಯಾಲೆ ತಂಬೂರಿ ಕೂಡಸಲಿ, ಕುಸುಮಾ?”

ನನ್ನ ಸಿಟ್ಟು ನೆತ್ತಿಗೇರಿತು. ನಿನ್ನೆ ಮೊನ್ನೆ ಡಬ್ಬಿಯಿಂದ ಹೊರಬಂದ ಒಂದು ತೂತಿಲ್ಲದ ಯಂತ್ರ ಸಾಕ್ಷಿ ಹೇಳಿತೆಂದು ಅರವತ್ತು ವರ್ಷ ಸಾಧನೆ ಮಾಡಿದ ಕಿವಿಯನ್ನು ಅಪರಾಧಿ ಮಾಡುವುದೇ? ಯಂತ್ರದ ಕಿವಿಯನ್ನು ಯಾವ ಡಾಕ್ಟರಿಗೆ ತೋರಿಸಿದ್ದೀರಿ? ಮಂಚದ ಕೆಳಗೆ ಬಗ್ಗಿದೆ (ಬಗ್ಗುವುದು ಸುಲಭವಾಯಿತು, ಏಳುವುದಕ್ಕೆ ಕೆಲಸದ ಶಾಂತವ್ವನನ್ನು ಕೂಗಬೇಕಾಯಿತು), ಮಖಮಲ್ ಗವಸು ಬಿಚ್ಚಿದೆ, ಪೆಟ್ಟಿಗೆಗೆ ವಿದ್ಯುತ್ ಕೊಟ್ಟೆ. ಹಸಿರು ಕಿಟಕಿ ಬೆಳಗಿತು. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಲು ಹೋದಾಗಲೇ ನಾನು ಮೊದಲು ಹೇಳಿದ ತೂತಿನ ದುರ್ಭಿಕ್ಷ ಕಂಡದ್ದು.

ಆಟೊ ಮಾಡಿಕೊಂಡು ಹುಬ್ಬಳ್ಳಿಯ ಪೇಟೆಗೆ ಹೋದೆ. ಒಂದು ಅಂಗಡಿಯ ಹುಡುಗ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, “ಅಜ್ಜೀರ, ಇದು ವಿಂಟೇಜ್ ಐತ್ರಿ. ಶೋಕೇಸಿನ್ಯಾಗ ಇಡ್ರಿ, ಚೊಲೊ ಕಾಣತೈತಿ” ಎಂದ. ಮೂವತ್ನಾಲ್ಕು ವರ್ಷ ಟೀಚರ್ ಎನಿಸಿಕೊಂಡವಳಿಗೆ ಅಜ್ಜೀರ. ಇನ್ನೂ ಉಸಿರಾಡುತ್ತಿರುವ ಪೆಟ್ಟಿಗೆಗೆ ಶೋಕೇಸು. “ತಮ್ಮಾ, ನಿನ್ನ ಅಜ್ಜೀನ್ನ ಯಾವ ಶೋಕೇಸಿನ್ಯಾಗ ಇಟ್ಟೀದಿ?” ಎಂದೆ. ಅವನು ಒಳಗೆ ಹೋಗಿ ಒಂದು ತಂತಿ ತಂದ. ಒಂದು ತುದಿಯಲ್ಲಿ ಎರಡು ದುಂಡನೆಯ ಮುಳ್ಳುಗಳು, ‘ಇನ್’ ಮತ್ತು ‘ಔಟ್’. ಇನ್ನೊಂದು ತುದಿ ಚಪ್ಪಟೆ, ಲ್ಯಾಪ್‌ಟಾಪಿನ ಸೀಳಿಗೆ ಅದೂ ದಪ್ಪ. ಇಬ್ಬರ ನಡುವೆ ಮಾತು ಹೊಂದಿಸಲು ಒಬ್ಬ ಪುಟ್ಟ ಮಧ್ಯಸ್ಥನನ್ನೂ ಕೊಟ್ಟ.

ಮನೆಗೆ ಬಂದು ‘ಔಟ್’ ಎಂದು ಬರೆದ ಮುಳ್ಳನ್ನು ಪೆಟ್ಟಿಗೆಯ ‘ಔಟ್’ ತೂತಿಗೆ, ‘ಇನ್’ ಅನ್ನು ‘ಇನ್’ಗೆ ಚುಚ್ಚಿದೆ. ಕಾನ್ವೆಂಟಿನಲ್ಲಿ ಮ್ಯಾಚ್ ದ ಫಾಲೋಯಿಂಗ್ ಬರೆದು ಬೆಳೆದವರು ಮತ್ತೇನು ಮಾಡುತ್ತಾರೆ? ಸದ್ದಿಲ್ಲ. ಎರಡು ದಿನ ಸದ್ದಿಲ್ಲ. ಆಮೇಲೆ ಹೊಳೆಯಿತು: ಔಟ್ ಎಂದರೆ ಬಾಯಿ, ಇನ್ ಎಂದರೆ ಕಿವಿ. ನಾನು ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿ ಕೂತಿದ್ದೆ. ನಮ್ಮ ಟೆಲಿವಿಷನ್ ಚರ್ಚೆಗಳಂತೆ. ಅದಲು ಬದಲು ಮಾಡಿದೆ. ದೀಪ ಮಿನುಗಿತು, ಸ್ವರ ಬಂತು. ಬಂದದ್ದು ಹೋಗಲಿಲ್ಲ. ಒಂದು ಸ್ವರ ಹಿಡಿದುಕೊಂಡು ಪೆಟ್ಟಿಗೆ ಕೂತುಬಿಟ್ಟಿತು, ‘ಬಿಡು’ ಎಂಬ ಪತ್ರ ದಾರಿಯಲ್ಲೆಲ್ಲೋ ಕಳೆದುಹೋಗಿತ್ತು. ಹಿಂದೆಲ್ಲ ಆಟ ಶುರುವಾದಾಗ ಹಸಿರು ಕಿಟಕಿಯಲ್ಲಿ ‘ವೆಲ್‌ಕಮ್, ಟ್ರಾವೆಲರ್’ ಎಂದು ಬರುತ್ತಿತ್ತು. ಈಗ ಬಂದದ್ದು ‘ಚೆಕ್‌ಸಮ್ ಎರರ್’, ಪತ್ರ ಪೂರ್ತಿ ಮುಟ್ಟಿಲ್ಲವೆಂಬ ತಕರಾರು. ಒಳಗಿನಿಂದ ವೈನಿ ಕೇಳಿದರು, “ಕುಸುಮಾ, ಯಾರದರ ಕಾರಿನ ಹಾರ್ನ್ ಸಿಕ್ಕೊಂಡದೇನು?” ಕಿವಿ ಹೋಗಿವೆಯಂತೆ ಇವರಿಗೆ!

ಕೊನೆಗೆ ಬಸಣ್ಣನ ನಂಬರ್ ಹುಡುಕಿದೆ. ಈಗ ಅವನು ಗಬ್ಬೂರಿನಲ್ಲೇ ಮದುವೆಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತಾನೆ. ಭಾನುವಾರ ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ, ಒಂದು ಚೀಲ ಹಿಡಿದು ಬಂದ. ತಲೆ ಪೂರ್ತಿ ಬೆಳ್ಳಗಾಗಿದೆ. ಪೆಟ್ಟಿಗೆಯನ್ನು ಕಂಡು ಚಪ್ಪಲಿ ಬಿಡುವುದನ್ನೂ ಮರೆತ.

“ಟೀಚರ, ಇದು ಇನ್ನಾ ಜೀವಂತ ಐತೇನ್ರಿ? ಎಷ್ಟ ಗಣಪತಿ ಕುಣಿಸೇತ್ರಿ ಇದು!” ಆಮೇಲೆ ನಾನು ತಂದ ತಂತಿಯನ್ನು ಎರಡು ಬೆರಳಲ್ಲಿ ಎತ್ತಿದ. “ಇದರಾಗ ಸಣ್ಣ ಮಾತ ಹೊಕ್ಕಾವ್ರಿ, ಉದ್ದಂದು ಬಂತಂದ್ರ ನುಂಗಿ ಬಿಡತೈತಿ. ತಗೀರಿ ಅತ್ತಾಗ.” ಚೀಲದಿಂದ ತನ್ನದೇ ಒಂದು ಸಣ್ಣ ಉಕ್ಕಿನ ಡಬ್ಬಿ ತೆಗೆದು ನಡುವೆ ಇಟ್ಟು ಜೋಡಿಸಿದ. ಹಸಿರು ಕಿಟಕಿಯಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು: ‘ವೆಲ್‌ಕಮ್, ಟ್ರಾವೆಲರ್’. ನನ್ನ ಕಣ್ಣು ತುಂಬಿ ಬಂದದ್ದನ್ನು ಬಸಣ್ಣ ನೋಡಿ, ನೋಡದವನಂತೆ ಚಪ್ಪಲಿ ಬಿಡಲು ಹೊರಗೆ ಹೋದ.

ಗುರುರಾಜನನ್ನು ಮೇಲಿನಿಂದ ಕರೆಸಿದೆ, ಸಾಕ್ಷಿಗೆ. ವೈನಿ ಬರಲೊಲ್ಲೆ ಎಂದರು. ಕೈ ಹಿಡಿದು ಕರೆತಂದು ಕೂಡಿಸಿದೆ. ಅಂಬಿಗನ ಹಾಡು ಶುರುವಾಯಿತು. ನಾಲ್ಕು ಆವರ್ತನ ಹೋದವು.

“ಹಾಂ,” ಎಂದರು ವೈನಿ, ಕಣ್ಣು ತೆರೆಯದೆ. “ಇದು.”

ನಾನು ಗುರುರಾಜನ ಕಡೆಗೆ ನೋಡಿದ ನೋಟವನ್ನು ಶಾಲೆಯಲ್ಲಿ ಮೂವತ್ನಾಲ್ಕು ವರ್ಷ ತೀಡಿ ಹರಿತ ಮಾಡಿಟ್ಟಿದ್ದೆ. ಅವನು ಬ್ಯಾಂಕಿನವ, ತಾಳೆ ನೋಡದೆ ಬಿಡುವವನಲ್ಲ. ಫೋನಿನಲ್ಲಿ ಸುರ ಅಳೆಯುವ ಒಂದು ಆ್ಯಪ್ ತೆರೆದು ಮೊದಲು ಲ್ಯಾಪ್‌ಟಾಪಿನ ದನಿಗೆ ಹಿಡಿದ, ಆಮೇಲೆ ಪೆಟ್ಟಿಗೆಗೆ ಹಿಡಿದ. ಹುಬ್ಬು ಗಂಟಿಕ್ಕಿತು. “ಅತ್ಯಾ, ಲ್ಯಾಪ್‌ಟಾಪ್ ಕರೆಕ್ಟ್ ಅದ. ಪೆಟ್ಟಿಗೀನ ಇಳದದ. ಭಾಳಲ್ಲ, ಒಂದು ಕೂದಲೆಳಿ.” ಪೆಟ್ಟಿಗೆಯನ್ನು ಹಿಂದುಮುಂದು ಮಾಡಿದ. ಹಿಂಬದಿಯಲ್ಲಿ, ತೂತುಗಳ ಪಕ್ಕ, ‘ಟ್ಯೂನ್’ ಎಂದು ಬರೆದ ಒಂದು ಪುಟ್ಟ ತಿರುಗಣಿ ಇತ್ತು. ನಡುವಿನ ಗೆರೆಯಿಂದ ಅದು ಸ್ವಲ್ಪ ಎಡಕ್ಕೆ ತಿರುಗಿತ್ತು, ಕದಲದಂತೆ ಅದರ ಮೇಲೆ ಗುಲಾಬಿ ಬಣ್ಣದ್ದೇನೋ ಒಣಗಿ ಗಟ್ಟಿಯಾಗಿತ್ತು.

ನನಗೆ ಗುರುತು ಸಿಕ್ಕಿತು. ಅದು ನನ್ನ ನೇಲ್ ಪಾಲಿಶ್. ಶಾಲೆಗೆ ಹಚ್ಚಿಕೊಂಡು ಹೋಗುವಂತಿರಲಿಲ್ಲವೆಂದು ರಜೆಯಲ್ಲಿ ಮಾತ್ರ ಹಚ್ಚುತ್ತಿದ್ದದ್ದು. ಒಂದು ಬೇಸಿಗೆ ಅದರ ಬಾಟಲಿ ಕಾಣೆಯಾಗಿ ನಾನು ಕ್ಲಾಸಿನ ಹುಡುಗಿಯರ ಮೇಲೆ ಸಂಶಯಪಟ್ಟಿದ್ದೆ.

“ಇದನ್ನ ಯಾರು ತಿರುವ್ಯಾರ?” ಗುರುರಾಜ ಕೇಳಿದ.

“ನಾನ,” ಎಂದರು ವೈನಿ, ಏನೂ ಆಗದವರಂತೆ. “ಈ ಬಣ್ಣ ನೋಡಿದ ಮ್ಯಾಲೆ ನೆನಪಾತು. ಮಧ್ಯಾಹ್ನ ನಾವು ಆಟ ಆಡೂಮುಂದ ಒಳಗ ತಂಬೂರಿ ಕೂಡಿಸಿ ಇಟ್ಟಿರತಿದ್ದೆ. ಇದು ಬಾರಸಲಿಕ್ಕ ಹತ್ತಿದ್ರ ಆ ತಂತಿ ತಾನ ಝುಂ ಅಂತಿತ್ತು, ಆದ್ರ ಹೊಂದತಿದ್ದಿಲ್ಲ. ಒಂದ ಮನ್ಯಾಗ ಎರಡು ಷಡ್ಜ ಹ್ಯಾಂಗ ಇಟ್ಟಗೊಳ್ಳೂದೋ? ತಂಬೂರಿ ನನ್ನ ದನಿಗೆ ಕೂತದ, ಅದು ಬದಲಾಗೂದಿಲ್ಲ. ಇದನ್ನ ಇಳಿಸಿದೆ. ಕುಸುಮಾನ ಬಣ್ಣ ಹಚ್ಚಿ ಮೆತ್ತಿದೆ.”

ಬಸಣ್ಣ ಎರಡೂ ಕೈ ಮುಗಿದ. “ಅಕ್ಕಾರ, ಇಡೀ ಜಗತ್ತು ಪೆಟಗಿ ಸುರಕ್ಕ ಹಾಡತೈತ್ರಿ. ಪೆಟಗೀನ ತಮ್ಮ ಸುರಕ್ಕ ತಂದಾವ್ರು ನೀವೊಬ್ರ.”

ಹೀಗಾಗಿ, ಓದುಗರೇ, ನ್ಯಾಯವಾಗಿ ಹೇಳಬೇಕಾದದ್ದು ಇದು. ಎರಡು ವಾರ ನಾನು ಹಿಡಿಶಾಪ ಹಾಕಿದ ಲ್ಯಾಪ್‌ಟಾಪು ಸುರದ ವಿಷಯದಲ್ಲಿ ನಿರಪರಾಧಿ. ಜಗತ್ತು ಎಲ್ಲಿ ಷಡ್ಜ ಇಟ್ಟಿದೆಯೋ ಅದೂ ಅಲ್ಲೇ ಇಟ್ಟಿತ್ತು. ಕೂದಲೆಳೆ ತಗ್ಗಿನಲ್ಲಿ ಇದ್ದದ್ದು ಮಾಳಮಡ್ಡಿಯ ಒಂದು ಮನೆ. (ತೂತಿನ ವಿಷಯದಲ್ಲಿ ಅದರ ಅಪರಾಧವನ್ನು ನಾನು ಮನ್ನಿಸಿಲ್ಲ, ಕೊಳಲನ್ನು ಪೀಪಿ ಮಾಡಿದ್ದನ್ನೂ.) ಮೂವತ್ತು ವರ್ಷದ ನಂತರ, ಪಾಯಸ ತಿನ್ನುತ್ತ, ಆ ಕೂದಲೆಳೆಯನ್ನು ವೈನಿಯ ಕಿವಿ ಅರ್ಧ ನಿಮಿಷದಲ್ಲಿ ಹಿಡಿದಿತ್ತು. ಗುರುರಾಜ ಫೋನನ್ನು ಜೇಬಿಗಿಟ್ಟು ತಾಯಿಯ ಪಕ್ಕ ನೆಲದ ಮೇಲೆ ಕೂತ. “ತಪ್ಪಾತವ್ವಾ. ಅಪಾಯಿಂಟ್ಮೆಂಟ್ ಕ್ಯಾನ್ಸಲ್ ಮಾಡತೇನಿ” ಎಂದ. ನಾನು ಗೆದ್ದ ಭರದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಆರನೆಯ ದ್ವೀಪದ ವರ್ಣನೆಯನ್ನು, ಪ್ರೈಜ್ ಡೇ ದನಿಯಲ್ಲಿ, ಓದತೊಡಗಿದೆ.

“ಕ್ಯಾನ್ಸಲ್ ಮಾಡಬ್ಯಾಡ,” ಎಂದರು ವೈನಿ.

ನಾನು ಓದುವುದನ್ನು ನಿಲ್ಲಿಸಿದೆ.

“ಪೆಟ್ಟಿಗಿ ಪೂರಾ ಕೇಳಸತದ. ತಂಬೂರಿ ಕೇಳಸತದ. ಈಕಿ ಓದೂದು ಅರ್ಧಾ ಕೇಳಸೂದಿಲ್ಲ. ಎರಡು ವರ್ಷ ಆತು. ಸುರ ಹೋಗಿಲ್ಲ ಅಂತ ಖಾತ್ರಿ ಆತಲ್ಲ, ಇನ್ನ ಮಾತು ಹೋದದ್ದಕ್ಕ ಡಾಕ್ಟರ ಕಡೆ ಹೋಗಲಿಕ್ಕೆ ನನಗ ನಾಚಿಕಿಲ್ಲ.”

ಎರಡು ವರ್ಷ! ದಿನವೂ ಬೆಳಿಗ್ಗೆ ಅವರು ಅವರೆಕಾಯಿಯನ್ನೋ ಮೆಂತ್ಯವನ್ನೋ ಸೋಸುತ್ತ ಕೂತಾಗ ನಾನು ಇಂಗ್ಲಿಷ್ ಪೇಪರಿನ ಎಡಿಟೋರಿಯಲ್ ಓದಿ, ಕನ್ನಡದಲ್ಲಿ ಅರ್ಥ ಬಿಡಿಸಿ, ಅದರ ಮೇಲೆ ನನ್ನ ಸ್ವಂತ ಅಭಿಪ್ರಾಯವನ್ನೂ ಸೇರಿಸಿ ಹೇಳುತ್ತ ಬಂದಿದ್ದೇನೆ. ಎರಡು ವರ್ಷದ ರಾಜಕೀಯ, ಅರ್ಥಶಾಸ್ತ್ರ, ನನ್ನ ಕೋಪತಾಪ, ಎಲ್ಲ ಬಾಯಿಗೆ ಬಾಯಿ ಕಟ್ಟಿದ ತಂತಿಯಲ್ಲಿ ಹೋಯಿತೇ?

“ಮತ್ತ ತಲಿ ತೂಗತಿದ್ರೆಲ್ಲರಿ ವೈನಿ! ದಿನಾ! ‘ಆಹಾ’ ಅಂತಿದ್ರಿ!”

“ಲಯಕ್ಕ ತೂಗತಿದ್ದೆ,” ಎಂದರು ವೈನಿ. “ನಿನ್ನ ಓದಿಗೆ ಲಯ ಭಾಳ ಛಲೋ ಅದ.”

ಬಸಣ್ಣ ನಗು ತಡೆಯಲಾರದೆ ಮತ್ತೆ ಚಪ್ಪಲಿಯ ಕಡೆಗೆ ಹೋದ. ನಾನು ಬಹಳ ಹೊತ್ತು ಸಿಟ್ಟಿನಿಂದಿರಬೇಕೆಂದು ಪ್ರಯತ್ನಪಟ್ಟೆ. ಆದರೆ ನಿಮಗೊಂದು ಗುಟ್ಟು ಹೇಳಬೇಕು. ಹನ್ನೊಂದನೆಯ ವಯಸ್ಸಿನಲ್ಲಿ ಕಾನ್ವೆಂಟಿನ ಪಿಯಾನೊ ಸಿಸ್ಟರ್ ನನ್ನ ಬೆರಳ ಗೆಣ್ಣಿಗೆ ಫುಟ್‌ರೂಲಿನಿಂದ ತಟ್ಟಿ, ‘ಚೈಲ್ಡ್, ಯೂ ಹ್ಯಾವ್ ನೋ ಸೆನ್ಸ್ ಆಫ್ ಟೈಮ್’ ಎಂದು ಪಿಯಾನೊ ಮುಚ್ಚಿದ್ದರು. ಅಂದಿನಿಂದ ನಾನು ಸಂಗೀತದ ಮನೆಯಲ್ಲಿ ಮಾತಿನವಳಾಗಿಯೇ ಉಳಿದೆ. ಅರವತ್ತು ವರ್ಷದ ಮೇಲೆ, ಕೂದಲೆಳೆಯಷ್ಟೂ ಸುಳ್ಳು ಹೇಳದ ಕಿವಿಯೊಂದು ಆ ತೀರ್ಪನ್ನು ರದ್ದು ಮಾಡಿದ್ದನ್ನು ಹೇಗೆ ತಳ್ಳಿಹಾಕುವುದು?

ಗುರುವಾರ ಡಾಕ್ಟರ ಕಡೆಗೆ ಮೂವರೂ ಹೋಗಲಿದ್ದೇವೆ. ಸೋಮವಾರ ಬೆಳಿಗ್ಗೆಯೇ ತಂಬೂರಿಯ ಗವಸು ಬಿಚ್ಚಿತು. ಗುಲಾಬಿ ಬಣ್ಣದ ತಿರುಗಣಿಯನ್ನು ಯಾರೂ ಮುಟ್ಟಬಾರದೆಂದು ನಾನು ಅಪ್ಪಣೆ ಹೊರಡಿಸಿದ್ದೇನೆ. ಮಧ್ಯಾಹ್ನ ಆಟದ ಮುಂದೆ ಕೂತು, ಆರನೆಯ ದ್ವೀಪದ ದಂಡೆಯಲ್ಲಿ, ಹಳೆಯ ನಿಯಮದಂತೆ ಮೊದಲು ‘ಲಿಸನ್’ ಎಂದು ಟೈಪ್ ಮಾಡಿದೆ. ಯಂತ್ರ ಬದಲಾಗಿರಲಿಲ್ಲ: ವಿಶೇಷವೇನೂ ಕೇಳಿಸುತ್ತಿಲ್ಲ ಎಂದಿತು. ಅದನ್ನೇ ನಾನು, ಎಷ್ಟು ಕೇಳಿಸೀತೋ ಕೇಳಿಸಲಿ ಎಂದು, ಒಳ್ಳೆಯ ಲಯದಲ್ಲಿ ಓದಿ ಹೇಳಿದೆ. ಕಣ್ಣು ಮುಚ್ಚಿ ಕೂತಿದ್ದ ವೈನಿ ತಲೆ ತೂಗಿ “ಆಹಾ” ಎಂದರು.